ಕಲ್ಲು ಬಂದಾಗ ಮೇಸ್ತ್ರಿ ಇಲ್ಲ

"ಸ್ಕ್ವೇರ್ ಫೀಟಿಗೆ ಎಷ್ಟು ಬಿತ್ತು?"

ಮನೆ ಕಟ್ಟಿಸುವವರನ್ನು ಕಂಡರೆ ನಮ್ಮ ಕಡೆ ಮೊದಲು ಬರುವ ಪ್ರಶ್ನೆ ಇದು. ಬೆಳ್ಳಾರೆ ಪೇಟೆಯಲ್ಲಿ ಮೀನಿಗೆ ನಿಂತಾಗಲೂ ಕೇಳಿದ್ದಾರೆ. ನಾನು ಸಂಖ್ಯೆ ಹೇಳುವುದಿಲ್ಲ. ಗುಟ್ಟೇನೂ ಇಲ್ಲ, ಆದರೆ ಆ ಲೆಕ್ಕ ಇನ್ನೊಬ್ಬರ ಉಪಯೋಗಕ್ಕೆ ಬರುವುದಿಲ್ಲ. ಒಂದೇ ನಕ್ಷೆಯ ಮನೆಯನ್ನು ಪುತ್ತೂರು ಪೇಟೆಯ ಬದಿಯಲ್ಲೊಂದು, ಸುಬ್ರಹ್ಮಣ್ಯದ ಆಚೆ ಗುಡ್ಡದ ಮೈಯಲ್ಲೊಂದು ಕಟ್ಟಿಸಿ ನೋಡಿ. ಗುಡ್ಡದ ಮನೆಗೆ ಪಂಚಾಂಗ ಹಾಕುವ ಮೊದಲೇ ಜಾಗ ತಟ್ಟು ಮಾಡಲು ಹಿಟಾಚಿಗೆ ಗಂಟೆ ಲೆಕ್ಕದಲ್ಲಿ ದುಡ್ಡು ಸುರಿಯಬೇಕು. ಟಿಪ್ಪರ್ ಹತ್ತದ ದಾರಿಯಾದರೆ ಕಲ್ಲು, ಜಲ್ಲಿ ಎಲ್ಲವನ್ನೂ ರಸ್ತೆ ಬದಿಯಲ್ಲಿ ಇಳಿಸಿ, ಪಿಕಪ್ಪಿನಲ್ಲಿ ಇನ್ನೊಮ್ಮೆ ಹೊರಿಸಬೇಕು. ಮೇಲೆ ಗಟ್ಟಿ ಮುರ, ಕೆಳಗೆ ಶೇಡಿ, ನಮ್ಮ ಗುಡ್ಡಗಳ ಹೊಟ್ಟೆ ಹೆಚ್ಚಾಗಿ ಹೀಗೇ. ಶೇಡಿ ನೀರು ಕುಡಿದರೆ ಜಾರುತ್ತದೆ. ಬರೆ ಕಡಿಯುವಾಗ ಬಿಳಿ, ನಸುಗೆಂಪು ಮಣ್ಣು ಕಂಡಿತೋ, ತಡೆಗೋಡೆಯ ಖರ್ಚು ಅಡುಗೆಕೋಣೆಯ ಖರ್ಚಿಗಿಂತ ಮುಂದೆ ನಿಲ್ಲುತ್ತದೆ.

ನಮ್ಮ ಮನೆಯ ಕೆಲಸ ನೋಡಿಕೊಂಡದ್ದು ನಾನೇ. ಯಜಮಾನರಿಗೆ ಮಂಗಳೂರಿನಲ್ಲಿ ಕೆಲಸ, ವಾರಕ್ಕೊಮ್ಮೆ ಬರುವವರು. ಲೆಕ್ಕದ ಪುಸ್ತಕ, ಮೇಸ್ತ್ರಿಯ ಫೋನು, ಲಾರಿಯವನ ಜತೆ ಜಗಳ ಎಲ್ಲ ನನ್ನ ಪಾಲಿಗೆ. ಅದರಿಂದ ನನಗೆ ಗಟ್ಟಿಯಾದ ಅಭಿಪ್ರಾಯ ಒಂದುಂಟು: ಇಲ್ಲಿ ಮನೆಯ ಖರ್ಚು ಏರುವುದು ಸಾಮಾನಿನ ಬೆಲೆಯಿಂದ ಅಷ್ಟಲ್ಲ, ಕೆಲಸ ನಿಲ್ಲುವುದರಿಂದ.

ನಿಲ್ಲಲು ಕಾರಣ ಬೇಕಷ್ಟು ಉಂಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಹೊಳೆಯಿಂದ ಹೊಯಿಗೆ ತೆಗೆಯಲು ನಿಷೇಧ. ಆಟಿಯಲ್ಲಿ ಯಾರೂ ಮುಹೂರ್ತ ಇಡುವುದಿಲ್ಲ. ಮಳೆ ಬಿಟ್ಟಿತು ಎನ್ನುವಾಗ ಅಡಿಕೆ ಕೊಯ್ಲು. ಕೈಯಾಳುಗಳು ತೋಟಕ್ಕೆ ಹೋಗುತ್ತಾರೆ, ನಾವೂ ತೋಟದವರೇ, ಬೇಡ ಎನ್ನುವುದು ಹೇಗೆ? ಬೇಸಗೆ ತುಂಬ ಜಾತ್ರೆ, ಕೋಲ, ಮದುವೆ. ಏಪ್ರಿಲ್ 10ಕ್ಕೆ ಪುತ್ತೂರು ಜಾತ್ರೆಯ ಕೊಡಿ ಏರಿದರೆ 17ರ ಬ್ರಹ್ಮರಥ ಕಳೆಯದೆ ಆ ಕಡೆಯ ಮೇಸ್ತ್ರಿ ನಿಮ್ಮ ಫೋನು ಎತ್ತುವುದು ಕಷ್ಟ. ಸೆಂಟ್ರಿಂಗಿಗೂ ಟೈಲ್ಸಿಗೂ ಬರುವ ಬಂಗಾಳ, ಒಡಿಶಾ, ಬಿಹಾರದ ಹುಡುಗರು ಹಬ್ಬಕ್ಕೋ ಚುನಾವಣೆಗೋ ಊರಿಗೆ ಹೊರಟರೆ ಒಟ್ಟಿಗೇ ಹೊರಡುತ್ತಾರೆ. ಇಷ್ಟನ್ನು ಕಳೆದು ಉಳಿದ ದಿನಗಳಲ್ಲಿ ಮನೆ ಏಳಬೇಕು.

ಇದರ ಮೇಲೆ 2025 ಬಂತು. ಆ ಮಳೆಗಾಲದಲ್ಲಿ ಜಿಲ್ಲೆಯಲ್ಲಿ ಪರವಾನಗಿ ಇಲ್ಲದ ಗಣಿಗಾರಿಕೆಯ ಮೇಲೆ ಬಿಗಿಯಾಗಿ, ಕೆಂಪುಕಲ್ಲಿನ ಕೋರೆಗಳು ನಿಂತವು. ಹೊಯಿಗೆಯೂ ಇಲ್ಲ. ಕಲ್ಲು ಕಡಿಯುವವರು, ಲಾರಿಯವರು, ಗಾರೆಯವರು ಎಲ್ಲರಿಗೂ ಕೆಲಸ ತಪ್ಪಿತು. ಪ್ರತಿಭಟನೆಗಳಾದವು. ಕೇರಳದಲ್ಲಿ ಕಡಿಮೆ ಇರುವ ರಾಜಧನ ನಮ್ಮಲ್ಲಿ ಯಾಕೆ ಇಷ್ಟು ಎಂಬ ಚರ್ಚೆ ವಿಧಾನಸೌಧದವರೆಗೆ ಹೋಯಿತು. ನಿಯಮ ಬೇಡ ಎಂದು ನಾನು ಹೇಳುವವಳಲ್ಲ. ಕಲ್ಲು ತೆಗೆದು ಬಿಟ್ಟುಹೋದ ಹೊಂಡಗಳಲ್ಲಿ ನೀರು ನಿಂತದ್ದನ್ನು ನೋಡಿದ್ದೇನೆ. ಆದರೆ ಲಿಂಟಲ್‌ನವರೆಗೆ ಎದ್ದ ಗೋಡೆ ಮಳೆಗೆ ನೆನೆಯುವಾಗ ಮನೆಯವರ ಹೊಟ್ಟೆ ಉರಿಯುವುದೂ ನಿಜವೇ.

"ಅಕ್ಕ, ಕಲ್ಲು ಬರಲಿ, ಮರುದಿನ ನಾನುಂಟು" ಎಂದು ಮೇಸ್ತ್ರಿ ಕೈ ಬೀಸಿ ಹೋದರು. ಕಲ್ಲು ಸಿಗುವಾಗ ಬಾಡಿಗೆ ಸೇರಿ ಒಂದೂವರೆ ಪಟ್ಟಾಗಿತ್ತು, ಮೇಸ್ತ್ರಿ ಸವಣೂರಿನಲ್ಲಿ ಬೇರೆ ಮನೆ ಹಿಡಿದಿದ್ದರು. ಅವರನ್ನು ದೂರಿ ಪ್ರಯೋಜನವಿಲ್ಲ, ಅವರಿಗೂ ಸಂಸಾರ ಉಂಟು.

ಇಂಥ ಹೊತ್ತಿಗೆ ಕಲ್ಲನ್ನು ಕಾಯದ ಕೆಲಸಗಳನ್ನು ಮುಂದೆ ಹಾಕಬೇಕು. ಹಲಸಿನ ಮರ ಮಿಲ್ಲಿನಿಂದ ಬಂದು ಒಣಗುತ್ತಿತ್ತು. ಆಚಾರಿಯನ್ನು ಕರೆಸಿ ದಾರಂದ, ಕಿಟಕಿ ಮಾಡಿಸಿದೆವು. (ಸ್ವಂತ ಜಾಗದ ಮರವಾದರೂ ಅರಣ್ಯ ಇಲಾಖೆಯಲ್ಲಿ ಕೇಳದೆ ಕೊಡಲಿ ಹಾಕಬೇಡಿ.) ಮಾವನ ಕಾಲದ ಹಳೆಮನೆಯನ್ನು ಜೇಸಿಬಿಯಿಂದ ದೂಡಿಸದೆ ಕೈಯಿಂದ ಬಿಚ್ಚಿಸಿ, ಕಲ್ಲಿನ ಮಣ್ಣು ಕೆರೆದು ಒಳಗೋಡೆಗೆ ಇಟ್ಟೆವು. ಮುರಕಲ್ಲಿನ ಗುಣವೇ ಅದು, ನೆಲದಿಂದ ಕಡಿಯುವಾಗ ಮೆದು, ಗಾಳಿ ತಾಗಿದಷ್ಟೂ ಗಟ್ಟಿ. ಹೊಸ ಲೋಡು ಬಂದಾಗ ಎರಡು ಕಲ್ಲನ್ನು ಒಂದಕ್ಕೊಂದು ತಾಗಿಸಿ ನೋಡಿ. ಖಣ್ ಎನ್ನಬೇಕು. ಬೊದ್ ಎಂದರೆ, ತೂತುಗಳಲ್ಲಿ ಹಳದಿ ಮಣ್ಣು ತುಂಬಿದ್ದರೆ, ಅದು ಮಳೆ ಬಡಿಯುವ ಪಡುಗೋಡೆಗೆ ಬೇಡ. ಹೊರಗೋಡೆಗೆ ಕಲ್ಲು, ಒಳಗೆ ಸಿಮೆಂಟ್ ಬ್ಲಾಕ್ ಇಡುವವರೂ ಈಗ ಬಹಳ. ತಪ್ಪೇನಿಲ್ಲ, ಸೆಕೆ ಸ್ವಲ್ಪ ಹೆಚ್ಚು.

ಹೊಯಿಗೆಯಲ್ಲಿ ಮೋಸ ಹೋಗುವುದು ಬಲು ಸುಲಭ. ನಸು ಒದ್ದೆ ಹೊಯಿಗೆ ಉಬ್ಬುತ್ತದೆ. ಒಣ ಹೊಯಿಗೆಗಿಂತ ನೂರಕ್ಕೆ ಇಪ್ಪತ್ತೈದು, ಮೂವತ್ತರವರೆಗೂ ಜಾಸ್ತಿ ಜಾಗ ಹಿಡಿಯುತ್ತದೆ. ಲಾರಿಯ ಪೆಟ್ಟಿಗೆ ತುಂಬಿದೆ, ಹೊಯಿಗೆ ಕಡಿಮೆ ಉಂಟು. ಲಾರಿಯವನ ಎದುರಿಗೇ ಒಂದು ಬಕೆಟ್ ತುಂಬಿಸಿ, ಅದನ್ನು ಬೇರೆ ಪಾತ್ರೆಗೆ ಸುರಿದು, ಬಕೆಟಿಗೆ ಅರ್ಧ ನೀರು ಹಾಕಿ ಹೊಯಿಗೆಯನ್ನು ಮೆಲ್ಲ ವಾಪಸು ಹಾಕಿ ಕದಡಿದರೆ ಎಷ್ಟು ಇಳಿಯುತ್ತದೆಂದು ಕಣ್ಣಿಗೇ ಕಾಣುತ್ತದೆ. ಕೆಸರು ಎಷ್ಟುಂಟೆಂದು ನೋಡಲು ಗಾಜಿನ ಬಾಟಲಿ ಸಾಕು. ಅರ್ಧದಷ್ಟು ಹೊಯಿಗೆ, ಮೇಲೆ ಉಪ್ಪುನೀರು, ಚೆನ್ನಾಗಿ ಕುಲುಕಿ ಮೂರು ಗಂಟೆ ಇಡಿ. ಮೇಲೆ ಕೂರುವ ಮಣ್ಣಿನ ಪದರ ಶೇ. 8ಕ್ಕಿಂತ ಹೆಚ್ಚಿದ್ದರೆ ತೊಳೆಯದೆ ಕಾಂಕ್ರೀಟಿಗೆ ಹಾಕಬಾರದು. ಹೊಳೆ ಹೊಯಿಗೆಯೇ ಬೇಕೆಂದು ಹಟ ಹಿಡಿಯುವವರಿಗೆ ನನ್ನದೊಂದು ಮಾತು: ಒಳ್ಳೆಯ ಎಂ-ಸ್ಯಾಂಡ್ ಸ್ಲ್ಯಾಬಿಗೆ ಧಾರಾಳ ಆಗುತ್ತದೆ, ಸಾರಣೆಗೆ ಪಿ-ಸ್ಯಾಂಡ್ ಉಂಟು. ಕ್ರಷರಿನ ಬರೇ ಹುಡಿ ತಂದು ಎಂ-ಸ್ಯಾಂಡ್ ಎಂದು ಸುರಿಯುವವರೂ ಇದ್ದಾರೆ, ಅದೇ ಬಾಟಲಿ ಅವರಿಗೂ ಉತ್ತರ ಕೊಡುತ್ತದೆ.

ಕಬ್ಬಿಣಕ್ಕೆ ಲೆಕ್ಕ ಇನ್ನೂ ಸುಲಭ. ಸರಳಿನ ದಪ್ಪವನ್ನು ಮಿ.ಮೀ.ನಲ್ಲಿ ಅದರಿಂದಲೇ ಗುಣಿಸಿ 162ರಿಂದ ಭಾಗಿಸಿ, ಒಂದು ಮೀಟರಿನ ತೂಕ ಕಿಲೋದಲ್ಲಿ ಬರುತ್ತದೆ. 12 ಎಂಎಂನ 12 ಮೀಟರ್ ಸರಳು ಹತ್ತೂವರೆ ಕಿಲೋದ ಮೇಲೆ ತೂಗಬೇಕು, 8 ಎಂಎಂನದ್ದು ಸುಮಾರು ನಾಲ್ಕೂ ಮುಕ್ಕಾಲು. ಸರಳು ಎಣಿಸಿ ಗುಣಿಸಿದರೆ ಅಂಗಡಿಯ ಬಿಲ್ಲಿನೊಂದಿಗೆ ತಾಳೆ ನೋಡಬಹುದು. ನೂರಕ್ಕೆ ನಾಲ್ಕೈದು ಆಚೀಚೆ ಆಗುವುದುಂಟು, ಅದಕ್ಕಿಂತ ಹೆಚ್ಚಾದರೆ ಕೇಳಿ. ನಾನು ಪುಸ್ತಕ ಹಿಡಿದು ಎಣಿಸಲು ನಿಂತಾಗ ಇಳಿಸುವ ಹುಡುಗರು ನಕ್ಕರು. ನಗಲಿ.

ಸಿಮೆಂಟು ಮಾತ್ರ ಮುಂಚಿತ ತಂದು ಇಡುವ ಸಾಮಾನಲ್ಲ. ಮೂರು ತಿಂಗಳು ಇಟ್ಟರೆ ಸತ್ವ ಐದರಲ್ಲೊಂದು ಪಾಲು ಹೋಗುತ್ತದೆ, ನಮ್ಮ ಮಳೆಗಾಲದ ತೇವಕ್ಕೆ ಇನ್ನೂ ಬೇಗ. 2025ರ ಸೆಪ್ಟೆಂಬರ್ 22ರಿಂದ ಅದರ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಯಿತು. ಕೆಲಸ ನಿಂತದ್ದರಿಂದ ನಮಗಾದ ಲಾಭ ಅದೊಂದೇ.

ಕೆಲಸದವರ ವಿಷಯದಲ್ಲಿ, ಸಾಮಾನು ನಮ್ಮದು, ಕೂಲಿ ಮಾತ್ರ ಗುತ್ತಿಗೆ ಎಂಬ ಕ್ರಮ ನನಗೆ ಒಗ್ಗಿತು. ಎಲ್ಲ ಸೇರಿಸಿ ಕಾಂಟ್ರಾಕ್ಟ್ ಕೊಟ್ಟರೆ ತಲೆಬಿಸಿ ಕಡಿಮೆ, ಕಣ್ಣಿಗೆ ಬೀಳದ ಕಡಿತ ಜಾಸ್ತಿ. ಯಾವ ಕ್ರಮವೇ ಇರಲಿ, ಹಣವನ್ನು ಕೆಲಸದ ಹಿಂದೆ ಕೊಡಿ: ಪಂಚಾಂಗ, ಲಿಂಟಲ್, ಸ್ಲ್ಯಾಬ್, ಸಾರಣೆ, ಒಂದೊಂದು ಮುಗಿದಾಗ ಒಂದೊಂದು ಕಂತು. ಸಿಂಕ್ ಕಟ್ಟೆಯ ಎತ್ತರ, ಸ್ವಿಚ್ಚಿನ ಜಾಗ, ಪೈಪಿನ ದಾರಿ ಸಾರಣೆಗೆ ಮೊದಲೇ ನಿಶ್ಚಯವಾಗಬೇಕು. ವಯರಿಂಗಿನವನು ಬಾರದೆ ಸಾರಣೆ ಮುಗಿದರೆ ಮತ್ತೆ ಗೋಡೆ ಒಡೆದು ಎರಡು ಸಂಬಳ. ಸ್ಲ್ಯಾಬ್ ಹಾಕಿದ ಮೇಲೆ ಜಾಕಿ, ಶೀಟು ಬೇರೆ ಕಡೆ ಬೇಕೆಂದು ಅವಸರ ಮಾಡುವವರಿದ್ದಾರೆ. ನಾಲ್ಕೂವರೆ ಮೀಟರ್‌ವರೆಗಿನ ಸ್ಲ್ಯಾಬಿಗೆ ಕನಿಷ್ಠ 7 ದಿನ, ಅದಕ್ಕಿಂತ ಅಗಲಕ್ಕೂ ಬೀಮಿಗೂ 14 ದಿನ ಆಧಾರ ತೆಗೆಯಬಾರದು. ಬಾಡಿಗೆ ಹೆಚ್ಚಾದರೆ ಆಗಲಿ.

ಜಾಗದ ಕನ್ವರ್ಶನ್, ಪಂಚಾಯತಿನ 9/11 ಕಾಗದಗಳ ಕತೆ ಇಲ್ಲಿ ಬೇಡ, ಅದಕ್ಕೆ ಇನ್ನೊಂದು ಲೇಖನ ಬೇಕು. ಅವು ಕೈಗೆ ಬರದೆ ಕೆಸರುಕಲ್ಲಿಗೆ ದಿನ ನೋಡಬೇಡಿ ಎಂದಷ್ಟೇ ಹೇಳುತ್ತೇನೆ. ಸಾಲದ ಮೊದಲ ಕಂತೂ ಆ ಕಾಗದದ ಹಿಂದೆಯೇ ಬರುವುದು.

ಕೊನೆಗೆ ಹಣ ಸಾಲದೆ ಬಂದಾಗ ಯಾವುದನ್ನು ಬಿಡುವುದು ಎಂಬ ಪ್ರಶ್ನೆ. ನಾನು ನೆಲಕ್ಕೆ ಒಳ್ಳೆಯ ಟೈಲ್ಸ್ ಬೇಕೇ ಬೇಕು ಎಂದೆ. ಅತ್ತೆ, "ಮೊದಲು ಮೇಲೆ ಶೀಟು ಹಾಕಿಸು, ಅಡಿಕೆ ಎಲ್ಲಿ ಒಣಗಿಸುವುದು?" ಎಂದರು. ಅವರ ಮಾತೇ ಸರಿ. ಸ್ಲ್ಯಾಬಿನ ಮೇಲೆ ಕಬ್ಬಿಣದ ಟ್ರಸ್ ಕಟ್ಟಿ ಶೀಟು ಹೊದಿಸಿದರೆ ನಮ್ಮ ಮಳೆಗೆ ಸೋರುವ ಹೆದರಿಕೆ ಇಲ್ಲ, ಕೆಳಗೆ ತಂಪು, ಅಡಿಕೆಗೂ ಜಾಗ. ಹಾಗಾಗಿ ಶೀಟು ಆಯಿತು, ನೆಲಕ್ಕೆ ಸಾದಾ ಟೈಲ್ಸ್ ಆಯಿತು, ಮಾಳಿಗೆಯ ಕೋಣೆಗೆ ಸಾರಣೆ ಆಗಲೇ ಇಲ್ಲ. ಒಕ್ಕಲಿಗೆ ಬಂದ ನೆಂಟರಲ್ಲಿ ಒಬ್ಬರೂ ಮೇಲೆ ಹತ್ತಲಿಲ್ಲ. ಎಲ್ಲರೂ ಕೆಳಗೆ ಊಟದ ಹಂತಿಯಲ್ಲಿ ಕುಳಿತು ಸ್ಕ್ವೇರ್ ಫೀಟ್ ಲೆಕ್ಕ ಹಾಕುತ್ತಿದ್ದರು.