ಕೊನೆಯ ಸಾಲಿನವನ ಕಿವಿಗೆ

1965ರ ಆಗಸ್ಟ್ 15. ನ್ಯೂಯಾರ್ಕಿನ ಶೇ ಕ್ರೀಡಾಂಗಣದಲ್ಲಿ 55,600 ಜನ. ಬೀಟಲ್ಸ್ ತಂಡದ ನಾಲ್ವರು ಮೈದಾನದಲ್ಲಿ ಕಟ್ಟಿದ್ದ ಪುಟ್ಟ ವೇದಿಕೆ ಹತ್ತಿ ಹನ್ನೆರಡು ಹಾಡು ಹಾಡಿದರು, ಅರ್ಧ ಗಂಟೆಯಲ್ಲಿ ಮುಗಿಸಿ ಇಳಿದರು. ಅವರ ಬೆನ್ನ ಹಿಂದಿದ್ದದ್ದು ವಾಕ್ಸ್ ಕಂಪನಿ ಆ ಪ್ರವಾಸಕ್ಕೆಂದೇ ಮಾಡಿಕೊಟ್ಟಿದ್ದ 100 ವ್ಯಾಟಿನ ಆಂಪ್ಲಿಫೈಯರುಗಳು. ದನಿಗೆ ಆಸರೆಯಾಗಿ ಕ್ರೀಡಾಂಗಣದವರದೇ ಧ್ವನಿವರ್ಧಕಗಳಿದ್ದವು, ಬೇಸ್‌ಬಾಲ್ ಪಂದ್ಯದ ನಡುವೆ ಆಟಗಾರರ ಹೆಸರು ಕೂಗಲು ಹಾಕಿದ್ದಂಥವು. ಇವತ್ತು ನಮ್ಮ ಬೀದಿಯ ಗಣೇಶನ ಪೆಂಡಾಲಿನಲ್ಲೂ ಅದಕ್ಕಿಂತ ಹೆಚ್ಚು ವ್ಯಾಟು ಇರುತ್ತದೆ.

ಹಾಡು ಯಾರಿಗೂ ಸರಿಯಾಗಿ ಕೇಳಿಸಲಿಲ್ಲ. ಕೇಳಲು ಬಂದವರ ಚೀರಾಟವೇ ಹಾಡನ್ನು ನುಂಗಿತು. ಹಾಡುವವರಿಗೂ ತಮ್ಮ ದನಿ ಕೇಳಿಸುವಂತಿರಲಿಲ್ಲ, ಅದಕ್ಕೆ ಬೇಕಾದ ಮಾನಿಟರ್ ಸ್ಪೀಕರುಗಳು ವೇದಿಕೆಯ ಮೇಲಿರಲಿಲ್ಲ. ಕೊನೆಯ ಹಾಡಿಗೆ ಜಾನ್ ಲೆನನ್ ಮೊಣಕೈಯಿಂದ ಆರ್ಗನ್ ಬಾರಿಸುತ್ತಾ ನಗುವುದನ್ನು ಅಂದಿನ ಚಿತ್ರೀಕರಣದಲ್ಲಿ ಈಗಲೂ ನೋಡಬಹುದು. ಮರುವರ್ಷದ ಆಗಸ್ಟಿನಲ್ಲಿ ಅವರು ಪ್ರವಾಸ ಹೋಗುವುದನ್ನೇ ಬಿಟ್ಟುಬಿಟ್ಟರು.

ರಾಕ್ ಸಂಗೀತದ ದೊಡ್ಡ ಅಂಕಿಗಳನ್ನು ಓದುವಾಗಲೆಲ್ಲ ನನಗೆ ಈ ಸಂಜೆ ನೆನಪಾಗುತ್ತದೆ. ಟನ್ನುಗಟ್ಟಲೆ ಕಬ್ಬಿಣ, ಲಾರಿಗಟ್ಟಲೆ ಸ್ಪೀಕರು, ಸಾವಿರಾರು ವ್ಯಾಟು, ಇವೆಲ್ಲ ಆಡಂಬರ ಎಂದು ಮೂಗು ಮುರಿಯುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಹತ್ತು ಅಡಿ ದೂರದಲ್ಲಿ ಕೂತು ಗಿಟಾರ್ ಕೇಳುವವನಿಗೆ ಪುಕ್ಕಟೆಯಾಗಿ ಸಿಗುವುದನ್ನು ಕೊನೆಯ ಸಾಲಿನಲ್ಲಿ ನಿಂತವನಿಗೂ ತಲುಪಿಸಬೇಕೆಂಬ ಹಟ ಅದು. ಆ ಹಟಕ್ಕೆ ಎಷ್ಟು ಖರ್ಚು ಬಿದ್ದಿದೆ ನೋಡಿ.

ಮನುಷ್ಯ ಸಾಧಾರಣವಾಗಿ ಮಾತಾಡುವಾಗ ಬಾಯಿಂದ ಹೊರಬೀಳುವ ಧ್ವನಿಶಕ್ತಿ ಸುಮಾರು ಒಂದು ವ್ಯಾಟಿನ ಲಕ್ಷದಲ್ಲೊಂದು ಪಾಲು. 2025ರ ಜನವರಿ 26ರಂದು ಕೋಲ್ಡ್‌ಪ್ಲೇ ಕೇಳಲು ಅಹಮದಾಬಾದಿನ ನರೇಂದ್ರ ಮೋದಿ ಕ್ರೀಡಾಂಗಣದಲ್ಲಿ ಲಕ್ಷಕ್ಕೂ ಹೆಚ್ಚು ಜನ ಸೇರಿದ್ದರು. ಅಷ್ಟೂ ಜನ ಒಟ್ಟಿಗೆ ಪಕ್ಕದವರ ಜೊತೆ ಮಾತಿಗಿಳಿದರೂ ಆ ಎಲ್ಲ ಮಾತಿನ ಶಕ್ತಿ ಕೂಡಿ ಒಂದು ವ್ಯಾಟಿನ ಆಸುಪಾಸು! ಚೀರಿದರೆ ಇದು ನೂರಾರು ಪಟ್ಟು ಏರುತ್ತದೆ ಎನ್ನುವುದು ಬೇರೆ ಮಾತು, ಶೇ ಕ್ರೀಡಾಂಗಣದಲ್ಲಿ ಆದದ್ದೂ ಅದೇ. ಇನ್ನು ದೂರ. ಬಯಲಿನಲ್ಲಿ ದೂರ ಎರಡು ಪಟ್ಟಾದರೆ ಧ್ವನಿಯ ತೀವ್ರತೆ ಕಾಲುಭಾಗಕ್ಕೆ ಇಳಿಯುತ್ತದೆ. ಮೂರು ಮೀಟರ್ ದೂರದಲ್ಲಿ ಕೇಳಿದ್ದು ಮುನ್ನೂರು ಮೀಟರಿಗೆ ಹೋಗುವಷ್ಟರಲ್ಲಿ ಹತ್ತು ಸಾವಿರದಲ್ಲೊಂದು ಪಾಲಾಗಿರುತ್ತದೆ. ಕೊನೆಯ ಸಾಲಿನವನ ಪಾಲಿಗೆ ಲೆಕ್ಕ ಇಷ್ಟು ನಿರ್ದಯ.

ಈ ಲೆಕ್ಕದ ಜೊತೆ ಗುದ್ದಾಡಿದವರಲ್ಲಿ ನನಗೆ ಅತ್ಯಂತ ಇಷ್ಟವಾದವರು ಕ್ಯಾಲಿಫೋರ್ನಿಯಾದ ಗ್ರೇಟ್‌ಫುಲ್ ಡೆಡ್ ತಂಡದವರು. ಔಸ್ಲಿ ಸ್ಟ್ಯಾನ್ಲಿ ಮತ್ತು ಅವರ ಸಂಗಡಿಗರು 1974ರಲ್ಲಿ ಈ ತಂಡಕ್ಕಾಗಿ ಕಟ್ಟಿದ ಸ್ಪೀಕರುಗಳ ಗೋಡೆಗೆ ‘ವಾಲ್ ಆಫ್ ಸೌಂಡ್’ ಎಂದೇ ಹೆಸರಾಯಿತು. ಸುಮಾರು ಆರು ನೂರು ಸ್ಪೀಕರುಗಳು, 26,400 ವ್ಯಾಟು, 75 ಟನ್ ತೂಕ. ಶೇ ಕ್ರೀಡಾಂಗಣದ 100 ವ್ಯಾಟಿನಿಂದ ಇಲ್ಲಿಗೆ ಒಂಬತ್ತೇ ವರ್ಷ. ಆದರೆ ನನ್ನನ್ನು ಬೆರಗುಗೊಳಿಸುವುದು ತೂಕಕ್ಕಿಂತ ಅದರ ಸೂಕ್ಷ್ಮ. ಗೋಡೆ ಇದ್ದದ್ದು ತಂಡದ ಹಿಂದೆ, ಹಾಗಾಗಿ ಜನರಿಗೆ ಕೇಳಿಸಿದ್ದೇ ಬಾರಿಸುವವರಿಗೂ ಕೇಳಿಸುತ್ತಿತ್ತು. ಪ್ರತಿ ವಾದ್ಯಕ್ಕೂ ಅದರದೇ ಸ್ಪೀಕರುಗಳು, ಒಂದರ ದನಿ ಇನ್ನೊಂದರಲ್ಲಿ ಬೆರೆಯದಂತೆ. ಫಿಲ್ ಲೆಶ್ ನುಡಿಸುತ್ತಿದ್ದ ಬೇಸ್ ಗಿಟಾರಿನ ಒಂದೊಂದು ತಂತಿಯ ದನಿಯನ್ನೂ ಬೇರೆ ಬೇರೆ ಸ್ಪೀಕರುಗಳಿಗೆ ಕಳಿಸಬಹುದಿತ್ತು.

ಹಿಂದೆ ಅಂಥ ಗೋಡೆ ಇದ್ದಮೇಲೆ ಹಾಡುವವನ ಮೈಕು ಅದರ ದನಿಯನ್ನೇ ಹೀರಿಕೊಂಡು ಕುಯ್ಯೆಂದು ಕಿರುಚಬೇಕಲ್ಲ? ಅದಕ್ಕವರು ಒಬ್ಬೊಬ್ಬರಿಗೂ ಎರಡೆರಡು ಮೈಕು ಕಟ್ಟಿದರು, ಒಂದರ ವೈರು ಇನ್ನೊಂದಕ್ಕೆ ಉಲ್ಟಾ. ಹಿಂದಿನಿಂದ ಬಂದ ಸದ್ದು ಎರಡರಲ್ಲೂ ಒಂದೇ ಸಮನಾಗಿ ಬಿದ್ದು ಒಂದನ್ನೊಂದು ಅಳಿಸಿಹಾಕುತ್ತಿತ್ತು. ಹಾಡುಗಾರ ಒಂದೇ ಮೈಕಿಗೆ ತುಟಿ ಹಚ್ಚಿ ಹಾಡುತ್ತಿದ್ದುದರಿಂದ ಅವನ ದನಿ ಮಾತ್ರ ಉಳಿಯುತ್ತಿತ್ತು. ಆರು ನೂರು ಅಡಿ ದೂರದವರೆಗೂ ಸ್ಪಷ್ಟವಾಗಿ ಕೇಳಿಸುತ್ತಿತ್ತೆನ್ನುವುದು ಅದರ ಖ್ಯಾತಿ. ಖರ್ಚು ತಾಳಲಾರದೆ ಅದೇ ವರ್ಷದ ಅಕ್ಟೋಬರಿಗೆ ಗೋಡೆಯನ್ನು ಬಿಚ್ಚಿಟ್ಟರು. ಆಯಸ್ಸು ಏಳು ತಿಂಗಳು. ಅದನ್ನು ಕಿವಿಯಾರೆ ಕೇಳಿದವರ ಮೇಲೆ ನನಗೆ ಅಸೂಯೆಯಿದೆ.

ಇದೇ ತಂಡ ಹಿಂದಿನ ವರ್ಷ, 1973ರ ಜುಲೈ 28ರಂದು, ನ್ಯೂಯಾರ್ಕ್ ರಾಜ್ಯದ ವಾಟ್ಕಿನ್ಸ್ ಗ್ಲೆನ್ ರೇಸ್ ಟ್ರ್ಯಾಕಿನಲ್ಲಿ ಇನ್ನೆರಡು ತಂಡಗಳ ಜೊತೆ ನುಡಿಸಿತ್ತು. ಬಂದವರು ಸುಮಾರು ಆರು ಲಕ್ಷ. ಅಷ್ಟು ಜನಕ್ಕೆ ಮುಂದಿನ ಸ್ಪೀಕರು ಸಾಲದು, ಜನರ ನಡುನಡುವೆ ಸ್ಪೀಕರುಗಳ ಗೋಪುರ ನಿಲ್ಲಿಸಬೇಕು. ಅಲ್ಲಿಯೇ ತೊಡಕು. ತಂತಿಯಲ್ಲಿ ವಿದ್ಯುತ್ತು ಕಣ್ಣು ಮಿಟುಕಿಸುವ ಮೊದಲೇ ಗೋಪುರ ಮುಟ್ಟುತ್ತದೆ. ಗಾಳಿಯಲ್ಲಿ ದನಿ ಸಾಗುವುದು ಸೆಕೆಂಡಿಗೆ ಸುಮಾರು 340 ಮೀಟರ್. ಗೋಪುರದ ದನಿ ಮೊದಲು, ವೇದಿಕೆಯ ದನಿ ಆಮೇಲೆ ಬಂದು ಪ್ರತಿ ಪದವೂ ಎರಡೆರಡು ಸಲ ಕೇಳಿಸುತ್ತದೆ. ಹಾಗಾಗದಿರಲೆಂದು ಈವೆಂಟೈಡ್ ಕಂಪನಿಯ ಡಿಜಿಟಲ್ ಡಿಲೇ ಯಂತ್ರಗಳನ್ನಿಟ್ಟು ಗೋಪುರದ ದನಿಯನ್ನು ಬೇಕೆಂದೇ ತಡೆಹಿಡಿದರು. ಇನ್ನೂರು ಅಡಿಗೆ ಸೆಕೆಂಡಿನ ಆರನೇ ಒಂದು ಭಾಗಕ್ಕಿಂತ ಚೂರು ಹೆಚ್ಚು. ವೇದಿಕೆಯಿಂದ ಹೊರಟ ಹಾಡು ಗಾಳಿಯಲ್ಲಿ ನಡೆದುಕೊಂಡು ಬರುವವರೆಗೆ ಗೋಪುರ ಕಾಯುತ್ತದೆ, ಅದು ಬಂದೊಡನೆ ತಾನೂ ದನಿಗೂಡಿಸುತ್ತದೆ. ಈ ಏರ್ಪಾಡನ್ನು ಮೊದಲ ಸಲ ಓದಿದಾಗ ನಾನು ಪುಸ್ತಕ ಮುಚ್ಚಿ ಸುಮ್ಮನೆ ಕೂತಿದ್ದೆ. ಆರು ಲಕ್ಷ ಜನರಲ್ಲಿ ಒಬ್ಬೊಬ್ಬರಿಗೂ ಹಾಡು ಸರಿಯಾದ ಗಳಿಗೆಗೇ ತಲುಪಲಿ ಎಂದು ಯಾರೋ ಅಡಿ ಅಳೆದು ಕ್ಷಣ ಎಣಿಸಿದ್ದಾರೆ.

ದನಿಯ ಈ ನಡಿಗೆಯನ್ನು ಕಣ್ಣಾರೆ ನೋಡಲೂಬಹುದು. ಬೆಂಗಳೂರಿನ ಅರಮನೆ ಮೈದಾನದಲ್ಲಿ ನಾನು ನೋಡಿದ್ದೇನೆ. 2003ರ ಏಪ್ರಿಲಿನಲ್ಲಿ ರೋಲಿಂಗ್ ಸ್ಟೋನ್ಸ್, 2007ರ ಮಾರ್ಚಿನಲ್ಲಿ ಐರನ್ ಮೇಡನ್ ಬಂದು ಹೋದ ಮೈದಾನ ಅದು. 2011ರ ಅಕ್ಟೋಬರ್ 30ರಂದು ಅಲ್ಲಿ ಮೆಟಾಲಿಕಾ, ಭಾರತದಲ್ಲಿ ಅವರ ಮೊದಲ ಕಾರ್ಯಕ್ರಮ. ಎರಡು ದಿನ ಮೊದಲು ದೆಹಲಿ ಪಕ್ಕದ ಗುರುಗ್ರಾಮದಲ್ಲಿ ಆಗಬೇಕಿದ್ದ ಶೋ ರದ್ದಾಗಿತ್ತು, ಹಾಗಾಗಿ ದೇಶದ ಎಲ್ಲ ಮೂಲೆಗಳ ಕಪ್ಪು ಟಿ-ಶರ್ಟುಗಳೂ ಬಳ್ಳಾರಿ ರಸ್ತೆಗೇ ಬಂದಂತಿತ್ತು. ನಾನು ನಿಂತದ್ದು ಸೌಂಡ್ ಇಂಜಿನಿಯರ್ ಕೂರುವ ಕಟ್ಟೆಯ ಪಕ್ಕ. ಹಳೇ ಕೇಳುಗರೆಲ್ಲ ನಿಲ್ಲುವುದು ಅಲ್ಲಿಯೇ, ಅವನು ತನ್ನ ಕಿವಿಗೆ ಸರಿಯಾಗುವಂತೆ ದನಿ ಹದ ಮಾಡುತ್ತಾನಾದ್ದರಿಂದ ಪಕ್ಕದವರಿಗೂ ಅದೇ ಹದ ಸಿಗುತ್ತದೆ. ‘ಎಂಟರ್ ಸ್ಯಾಂಡ್‌ಮನ್’ ಶುರುವಾದಾಗ ಮುಂದಿನ ಕೈಗಳು ತಾಳಕ್ಕೆ ಮೇಲೆದ್ದವು. ಅವುಗಳ ಹಿಂದಿನವು ಒಂದು ಚೂರು ತಡವಾಗಿ, ಅದರ ಹಿಂದಿನವು ಇನ್ನೂ ತಡವಾಗಿ, ಹೀಗೆ ಕೈಗಳ ಒಂದು ಅಲೆ ನಮ್ಮನ್ನು ದಾಟಿಕೊಂಡು ಹಿಂದಕ್ಕೆ ಹೋಯಿತು. ನಿಮಿಷಕ್ಕೆ 120 ಬಡಿತದ ಹಾಡಾದರೆ ಎರಡು ಬಡಿತಗಳ ನಡುವೆ ಅರ್ಧ ಸೆಕೆಂಡು, ಅಷ್ಟರಲ್ಲಿ ದನಿ ಸಾಗುವುದು 170 ಮೀಟರ್. ಅಷ್ಟು ಹಿಂದೆ ನಿಂತವರು ಮೊದಲ ಬಡಿತಕ್ಕೆ ಕೈ ಎತ್ತುವ ಹೊತ್ತಿಗೆ ಮುಂದಿನವರ ಕೈ ಎರಡನೆಯದಕ್ಕೆ ಎದ್ದಿರುತ್ತದೆ. ಯಾರೂ ತಾಳ ತಪ್ಪಿಲ್ಲ, ಹಾಡು ತಲುಪಿದ ಕ್ಷಣಕ್ಕೇ ಎಲ್ಲರೂ ಸರಿಯಾಗಿ ಕೈ ಎತ್ತಿದ್ದಾರೆ. ನನ್ನ ಪಕ್ಕ ನಿಂತಿದ್ದ ಹುಡುಗನ ಅಂಗಿಯೊಳಗೆ ಎದೆ ಡ್ರಮ್ಮಿಗೆ ಸರಿಯಾಗಿ ಅದುರುತ್ತಿದ್ದುದು ಕಾಣುತ್ತಿತ್ತು. ಬೇಸ್ ಗಿಟಾರಿನ ಅತಿ ತಗ್ಗಿನ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಆ ಸ್ವರದ ಒಂದೊಂದು ಅಲೆಯ ಉದ್ದ ಎಂಟು ಮೀಟರಿಗೂ ಹೆಚ್ಚು. ಎಂಟು ಮೀಟರ್ ಉದ್ದದ ಅಲೆಗಳು ನಮ್ಮ ಮೈ ಹಾದುಹೋಗುತ್ತಿರುತ್ತವೆ, ನಾವು ಕುಣಿಯುತ್ತಿರುತ್ತೇವೆ.

ಕುಣಿದರೆ ನೆಲವೂ ಸುಮ್ಮನಿರುವುದಿಲ್ಲ. 2011ರ ಡಿಸೆಂಬರಿನಲ್ಲಿ ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಫೂ ಫೈಟರ್ಸ್ ತಂಡಕ್ಕೆ ಸುಮಾರು 50 ಸಾವಿರ ಜನ ಕುಣಿದದ್ದು ಅಲ್ಲಿನ ಭೂಕಂಪಮಾಪಕಗಳಲ್ಲಿ ದಾಖಲಾಯಿತು, ಸೆಕೆಂಡಿಗೆ ಮೂರು ಕಂಪನದ ಲಯದಲ್ಲಿ.

ಜನಸಂಖ್ಯೆಯ ದಾಖಲೆಗಳು ಇನ್ನೂ ಇವೆ. 2006ರಲ್ಲಿ ರಿಯೊದ ಕೋಪಕಬಾನ ಕಡಲತೀರದಲ್ಲಿ ರೋಲಿಂಗ್ ಸ್ಟೋನ್ಸ್ ಕೇಳಲು ಹದಿನೈದು ಲಕ್ಷದಷ್ಟು ಜನ ಸೇರಿದ್ದರೆಂದು ಅಂದಾಜು. 2009ರಿಂದ 2011ರವರೆಗೆ ಯು2 ತಂಡ 50 ಮೀಟರ್ ಎತ್ತರದ ನಾಲ್ಕು ಕಾಲಿನ ವೇದಿಕೆ ಕಟ್ಟಿಕೊಂಡು 110 ಕಾರ್ಯಕ್ರಮಗಳಲ್ಲಿ ಎಪ್ಪತ್ತು ಲಕ್ಷಕ್ಕೂ ಹೆಚ್ಚು ಜನರಿಗೆ ಹಾಡಿತು. ಮೆಟಾಲಿಕಾದವರೇ 1991ರ ಸೆಪ್ಟೆಂಬರ್ 28ರಂದು ಮಾಸ್ಕೋದ ತುಶಿನೊ ವಿಮಾನ ಮೈದಾನದಲ್ಲಿ ಲಕ್ಷಾಂತರ ಜನರೆದುರು ನುಡಿಸಿದ್ದರು. ಆ ದಿನದ ಅಂದಾಜುಗಳು ಹದಿನಾರು ಲಕ್ಷದವರೆಗೂ ಹೋಗುತ್ತವೆ. ಅದೇ ತಂಡ 2013ರ ಡಿಸೆಂಬರ್ 8ರಂದು ಅಂಟಾರ್ಕ್ಟಿಕಾದ ಕಾರ್ಲಿನಿ ನೆಲೆಯಲ್ಲಿ ಒಂದು ಗುಮ್ಮಟದೊಳಗೆ ನುಡಿಸಿತು, ಕೇಳುಗರು 120 ಜನ. ಅಲ್ಲಿನ ಪರಿಸರಕ್ಕೆ ಸದ್ದಿನಿಂದ ತೊಂದರೆಯಾಗಬಾರದೆಂದು ಸ್ಪೀಕರೇ ಇಲ್ಲ, ಎಲ್ಲರ ಕಿವಿಗೂ ಹೆಡ್‌ಫೋನು. ಮಾಸ್ಕೋಗಿಂತ ಈ 120 ಜನರ ಜೊತೆ ಇರುವ ಅವಕಾಶ ಕೊಟ್ಟರೆ ನಾನು ಕೂಡಲೇ ಹೊರಟೇನು.

ಏಕೆಂದರೆ ಕೊನೆಗೂ ಕಿವಿಗೆ ಬೇಕಾದದ್ದು ತೀರಾ ಸ್ವಲ್ಪ. ಲೆಕ್ಕ ಹಾಕೋಣ. ರಾಕ್ ಕಾರ್ಯಕ್ರಮದಲ್ಲಿ ಕೇಳುಗನ ಬಳಿ ಸದ್ದು 100 ಡೆಸಿಬೆಲ್ ಎಂದಿಟ್ಟುಕೊಂಡರೆ ಒಂದು ಚದರ ಮೀಟರಿಗೆ ಬೀಳುವ ಶಕ್ತಿ ವ್ಯಾಟಿನ ನೂರನೇ ಒಂದು ಭಾಗ. ಕಿವಿಯ ತಮಟೆ ಅರ್ಧ ಚದರ ಸೆಂಟಿಮೀಟರಿಗಿಂತ ಚೂರು ದೊಡ್ಡದು. ಎರಡು ಗಂಟೆ ಎಡೆಬಿಡದೆ ಅಷ್ಟು ಸದ್ದು ಬಿದ್ದರೂ ಒಂದು ತಮಟೆಗೆ ಸೇರುವ ಒಟ್ಟು ಶಕ್ತಿ, ಒಂದು ಗ್ರಾಂ ತೂಕವನ್ನು ನೆಲದಿಂದ ನಲವತ್ತು ಸೆಂಟಿಮೀಟರ್ ಎತ್ತಲು ಬೇಕಾದಷ್ಟೆ. ಗಂಟಲು ಕಟ್ಟುವ ಹಾಗೆ ಕೂಗಿದ್ದು, ಗುರುತಿಲ್ಲದವರ ಹೆಗಲ ಮೇಲೆ ಕೈ ಹಾಕಿದ್ದು, ಮನೆಗೆ ಬಂದು ಬೆಳಗಿನ ಜಾವದವರೆಗೆ ನಿದ್ದೆ ಬಾರದೆ ಹೊರಳಿದ್ದು, ಎಲ್ಲಕ್ಕೂ ಇಷ್ಟೇ ಶಕ್ತಿ ಸಾಕಾಯಿತು. ಉಳಿದ ಸಾವಿರಾರು ವ್ಯಾಟೆಲ್ಲ ದಾರಿಖರ್ಚು.

ದಾರಿಖರ್ಚೇ ಇಲ್ಲದ ಕಡೆಗೂ ಹೋಗಬೇಕು. ಅಕೌಸ್ಟಿಕ್ ಗಿಟಾರಿನ ಆರು ಉಕ್ಕಿನ ತಂತಿಗಳ ಒಟ್ಟು ಬಿಗಿತ ಸುಮಾರು 70 ಕಿಲೋ, ಒಬ್ಬ ಆಳು ನೇತಾಡಿದಷ್ಟು. ಅದನ್ನು ತಡೆದುಕೊಳ್ಳುವ ಮೇಲ್ಹಲಗೆಯ ದಪ್ಪ ಮೂರು ಮಿಲಿಮೀಟರಿನ ಆಸುಪಾಸು. ತಂತಿ ಸಪೂರ, ತಾನಾಗಿ ಗಾಳಿಯನ್ನು ಅಲುಗಿಸಲಾರದು. ಹಲಗೆ ಅದರ ನಡುಕವನ್ನು ಹೊತ್ತು ಗಾಳಿಗೆ ಕೊಡುತ್ತದೆ. ಹಲಗೆ ದಪ್ಪವಾದರೆ ದನಿ ಸಾಯುತ್ತದೆ, ತೆಳುವಾದರೆ ಬಿಗಿತಕ್ಕೆ ಬಾಗುತ್ತದೆ. ಬೆಂಗಳೂರಿನ ಸಣ್ಣ ಸಭಾಂಗಣಗಳಲ್ಲಿ, ಕೆಫೆಗಳ ಮಹಡಿಗಳಲ್ಲಿ ಮೂವತ್ತು ನಲವತ್ತು ಜನರ ಎದುರು ನಡೆಯುವ ಗಿಗ್ಗುಗಳಲ್ಲಿ ಈ ಹಲಗೆಯ ಮಾತು ನೇರ ಕೇಳಿಸುತ್ತದೆ. ಸುತ್ತುತಂತಿಯ ಮೇಲೆ ಬೆರಳು ಜಾರುವಾಗ ಬರುವ ಕಿರ್ ಸದ್ದು, ಸಾಲು ಎತ್ತಿಕೊಳ್ಳುವ ಮುನ್ನ ಹಾಡುಗಾರ್ತಿ ಎಳೆದುಕೊಳ್ಳುವ ಉಸಿರು, ಎರಡು ಹಾಡುಗಳ ನಡುವೆ ಗಿಟಾರಿನ ಕಿವಿ ತಿರುಪಿ ಶ್ರುತಿ ಹಿಡಿಯುವಾಗ ಸ್ವರ ಏರಿ ಜಾಗಕ್ಕೆ ಕೂರುವುದು, ಎಲ್ಲವೂ. 75 ಟನ್ ಗೋಡೆ ಕಟ್ಟಿದವರು ಹುಡುಕುತ್ತಿದ್ದದ್ದು ಇದನ್ನೇ.

1981ರ ಸೆಪ್ಟೆಂಬರ್ 19ರಂದು ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಪಾಲ್ ಸೈಮನ್ ಮತ್ತು ಆರ್ಟ್ ಗಾರ್ಫಂಕಲ್ ಇದನ್ನು ಐದು ಲಕ್ಷ ಜನರಿಗೆ ಹಂಚಿದರು. ವಾದ್ಯವೃಂದವನ್ನೆಲ್ಲ ಬದಿಗಿಟ್ಟು ‘ದ ಸೌಂಡ್ ಆಫ್ ಸೈಲೆನ್ಸ್’ ಹಾಡಿದಾಗ ಇದ್ದದ್ದು ಒಂದು ಗಿಟಾರು, ಎರಡು ಕಂಠ. ನಮ್ಮ ಕಡೆಯಿಂದ ರಘು ದೀಕ್ಷಿತ್ 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವಕ್ಕೆ ಹೋಗಿ ಹಾಡಿ ಬಂದರು. 1819ರಲ್ಲಿ ಹುಟ್ಟಿದ ಶಿಶುನಾಳ ಶರೀಫರ ತತ್ವಪದಗಳನ್ನು ಗಿಟಾರಿಗೆ ಹೊಂದಿಸಿ ಹಾಡಿ ನಮ್ಮ ಕಾಲದ ಹುಡುಗರ ಬಾಯಲ್ಲಿ ನಿಲ್ಲಿಸಿದವರು ಅವರು.

ಕಿವಿಯ ಬಗ್ಗೆ ಒಂದು ಮಾತು ಹೇಳಲೇಬೇಕು, ಇದರಲ್ಲಿ ನನಗೆ ಕಳಕಳಿಯಿದೆ. ಒಳಕಿವಿಯಲ್ಲಿ ದನಿಯನ್ನು ಮಿದುಳಿಗೆ ದಾಟಿಸುವ ಕೂದಲುಕೋಶಗಳು ಒಂದು ಕಿವಿಗೆ ಸುಮಾರು 3,500 ಮಾತ್ರ. ಹೋದರೆ ಮತ್ತೆ ಹುಟ್ಟುವುದಿಲ್ಲ. 1976ರ ಮೇ 31ರಂದು ಲಂಡನ್ನಿನ ಚಾರ್ಲ್ಟನ್ನಿನಲ್ಲಿ ದ ಹೂ ತಂಡದ ಸದ್ದು ಸ್ಪೀಕರುಗಳಿಂದ 32 ಮೀಟರ್ ದೂರದಲ್ಲೂ 126 ಡೆಸಿಬೆಲ್ ಇತ್ತೆಂದು ಗಿನ್ನೆಸ್ ದಾಖಲಿಸಿತು. 100 ಡೆಸಿಬೆಲ್ಲಿಗೆ ಹೋಲಿಸಿದರೆ ಅದು ನಾನೂರು ಪಟ್ಟು. ಆ ತಂಡದ ಪೀಟ್ ಟೌನ್ಸೆಂಡ್ ತಮ್ಮ ಕಿವಿಮೊರೆತದ ಬಗ್ಗೆ ಬಹಿರಂಗವಾಗಿಯೇ ಹೇಳಿಕೊಂಡಿದ್ದಾರೆ, ಗಿನ್ನೆಸ್‌ನವರೂ ಮುಂದೆ ಇಂಥ ದಾಖಲೆಗಳನ್ನು ಕೈಬಿಟ್ಟರು. ಅಮೆರಿಕದ ವೃತ್ತಿಸುರಕ್ಷತಾ ಸಂಸ್ಥೆಯ ಲೆಕ್ಕದಲ್ಲಿ 85 ಡೆಸಿಬೆಲ್ಲಿನಲ್ಲಿ ಎಂಟು ಗಂಟೆ ಇರಬಹುದು, ಪ್ರತಿ ಮೂರು ಡೆಸಿಬೆಲ್ಲಿಗೂ ಅವಧಿ ಅರ್ಧವಾಗುತ್ತದೆ, 100ಕ್ಕೆ ಬಂದರೆ ಹದಿನೈದೇ ನಿಮಿಷ. ಅದಕ್ಕೇ ಸಂಗೀತಗಾರರಿಗೆಂದು ಮಾಡಿದ ಇಯರ್‌ಪ್ಲಗ್ ಹಾಕಿಕೊಂಡೇ ನಿಲ್ಲಿ. ಸದ್ದು ಇಳಿಯುತ್ತದೆ, ಸ್ವರ ಕೆಡುವುದಿಲ್ಲ, ಎದೆ ಹಾಗೆಯೇ ಅದುರುತ್ತದೆ. ಜೇಬಿನಲ್ಲಿ ಇನ್ನೊಂದು ಜೊತೆ ಇರಲಿ, ಪಕ್ಕದಲ್ಲಿ ನಿಂತ ಹುಡುಗನಿಗೆ ಬೇಕಾದೀತು.