ಸಣ್ಣ ಆಡಿಗೆ ಎಂಥ ಹೋತ?

ತೋಟದ ಜೊತೆಗೆ ನಾಲ್ಕಾರು ಆಡು ಸಾಕಿರುವ ಸದಸ್ಯ ಬಾಂಧವರು ಸಂಘದ ಕಚೇರಿಗೆ ಬಂದಾಗ ಕೇಳುವುದುಂಟು: ಮನೆಯ ಸಣ್ಣ ಆಡಿಗೆ ಜಮುನಾಪಾರಿ ಹೋತವನ್ನು ಕೂಡಿಸಿದರೆ ಹಾಲೂ ಹೆಚ್ಚಿ, ಮರಿಯೂ ತೂಕ ಬರುವುದಲ್ಲವೇ? ಬರುವುದು ನಿಜ. ಆದರೆ ಆ ದೊಡ್ಡ ಮರಿಯನ್ನು ಹೊತ್ತು ಈಯಬೇಕಾದದ್ದು ಸಣ್ಣ ತಾಯಿ. ಮರಿ ಅಡ್ಡ ಸಿಕ್ಕಿದರೆ ಎರಡೂ ಹೋದಾವು. ಚೊಚ್ಚಲು ಆಡಿಗಂತೂ ಭಾರಿ ಹೋತ ಬೇಡವೇ ಬೇಡ.

ಬಂಗಾಳದ ಕಪ್ಪು ಆಡಿನ ಉದಾಹರಣೆ ನೋಡೋಣ. ತೂಕ ಸುಮಾರು 20 ಕಿಲೋ. ಒಂದೇ ಸೂಲಿಗೆ ಎರಡು, ಕೆಲವೊಮ್ಮೆ ಮೂರು ಮರಿ. ಮಾಂಸಕ್ಕೂ ಚರ್ಮಕ್ಕೂ ಹೆಸರುವಾಸಿ. ಕೊರತೆ ಹಾಲಿನದು; ಮೂರನೆಯ ಮರಿಗೆ ಸಾಲದೆ ಅದು ಸೊರಗುತ್ತದೆ. ಅದಕ್ಕೆ ಜಮುನಾಪಾರಿ, ಬೀಟಲ್ ತಳಿಗಳನ್ನು ಬೆರೆಸಿದ್ದುಂಟು. ಮರಿಯ ತೂಕ ಏರುತ್ತದೆ, ಆದರೆ ಮಿಶ್ರತಳಿಯ ಹೆಣ್ಣುಗಳಲ್ಲಿ ಅವಳಿ, ತ್ರಿವಳಿ ಕಡಿಮೆಯಾಗುತ್ತವೆ. ಒಂದು ಕೈಯಲ್ಲಿ ಪಡೆದದ್ದನ್ನು ಇನ್ನೊಂದರಲ್ಲಿ ಕಳೆದಂತೆ.

ನಮ್ಮ ಮಳೆಗೆ ಹೊಂದುವುದು ಉತ್ತರ ಕೇರಳದ ಮಲಬಾರಿ ಎಂದು ನಮ್ಮ ಅಭಿಪ್ರಾಯ. ಅದು ಮಧ್ಯಮ ಗಾತ್ರದ್ದು, ಅವಳಿ ಮರಿ ಸಾಮಾನ್ಯ, ಜಡಿಮಳೆಯ ನಾಡಿನಲ್ಲೇ ಬೆಳೆದದ್ದು. ಅರಬ್ಬಿ ವರ್ತಕರು ತಂದ ಆಡುಗಳು ಸ್ಥಳೀಯ ಆಡುಗಳೊಡನೆ ಬೆರೆತು ಆದ ತಳಿಯೆಂದು ಹೇಳುವರು. ಹಾಲು ಇನ್ನೂ ಹೆಚ್ಚಲೆಂದು 1970ರ ದಶಕದಲ್ಲಿ ಮಣ್ಣುತ್ತಿಯಲ್ಲಿ ಇದಕ್ಕೆ ಸಾನೆನ್, ಆಲ್ಪೈನ್ ವಿದೇಶಿ ಹೋತಗಳನ್ನು ಬೆರೆಸಿ ಪ್ರಯೋಗ ನಡೆಸಿದ್ದರು. ಇಲ್ಲೊಂದು ಎಚ್ಚರಿಕೆ: ಹುಟ್ಟಾ ಕೊಂಬಿಲ್ಲದ ಹೋತವನ್ನು ಅಂಥದೇ ಬೋಳು ಹೆಣ್ಣಿಗೆ ಕೂಡಿಸಬಾರದು. ಹುಟ್ಟುವ ಹೆಣ್ಣುಮರಿಗಳಲ್ಲಿ ಕೆಲವು ಅತ್ತ ಗಂಡೂ ಅಲ್ಲ ಇತ್ತ ಹೆಣ್ಣೂ ಅಲ್ಲದೆ ಬಂಜೆಯಾಗುತ್ತವೆ. ಇಬ್ಬರಲ್ಲಿ ಒಂದಕ್ಕಾದರೂ ಕೊಂಬಿರಲಿ.

ಮೊದಲ ಪೀಳಿಗೆಯ ಮರಿಗಳ ಹುರುಪು ಕಂಡು ಅವನ್ನೇ ತಮ್ಮತಮ್ಮಲ್ಲಿ ಕೂಡಿಸುವವರಿದ್ದಾರೆ. ಮುಂದಿನ ಪೀಳಿಗೆಗೆ ಆ ಹುರುಪು ಅರ್ಧಕ್ಕಿಳಿಯುತ್ತದೆ. ಹೈಬ್ರಿಡ್ ಜೋಳದ ಬೀಜ ತೆಗೆದಿಟ್ಟು ಮತ್ತೆ ಬಿತ್ತಿದವರಿಗೆ ಇದನ್ನು ವಿವರಿಸಬೇಕಿಲ್ಲ. ಆದ್ದರಿಂದ ಮಿಶ್ರ ಗಂಡುಮರಿಗಳನ್ನು ಬೀಜ ಒಡೆಸಿ ಮಾಂಸಕ್ಕೆ ಮಾರುವುದು ಲೇಸು. ಚೆನ್ನಾಗಿ ಈಯುವ ಊರಿನ ಹೆಣ್ಣುಗಳನ್ನು ಮಾತ್ರ ಯಾವ ಬೆಲೆಗೂ ಬಿಡಬೇಡಿ. ಅವು ಮುಗಿದರೆ ಬೆರೆಸಲು ಏನೂ ಉಳಿಯದು. ಎರಡು ವರ್ಷಕ್ಕೊಮ್ಮೆ ಹೋತ ಬದಲಿಸಬೇಕು, ಇಲ್ಲವಾದರೆ ಅದು ತನ್ನ ಮಗಳನ್ನೇ ಕೂಡುತ್ತದೆ. ನಾಲ್ಕಾರು ಮನೆಯವರು ಸೇರಿ ಒಂದು ಹೋತ ಇಟ್ಟುಕೊಂಡರೆ ಖರ್ಚೂ ಹಗುರ.

ಮೇವಿಗೆ ಹಲಸಿನ ಸೊಪ್ಪು, ಹಾಲುವಾಣದ ಸೊಪ್ಪು ತೋಟದಲ್ಲೇ ಇದೆ. ಆಡನ್ನು ತೋಟಕ್ಕೆ ಬಿಡದೆ, ಸೊಪ್ಪನ್ನು ಕಡಿದು ತಂದು ಹಾಕಿ. ಕಾಫಿ ಗಿಡದ ಚಿಗುರು, ಮೆಣಸಿನ ಬಳ್ಳಿ ಎರಡೂ ಉಳಿಯುತ್ತವೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆದ ಅಡಿಕೆಯ ಅಡಿಯ ಸೊಪ್ಪು, ಹುಲ್ಲು ತರಬೇಡಿ. ಮೈಲುತುತ್ತದ ತಾಮ್ರ ಆಡಿಗೂ ವಿಷ. ಕೊಟ್ಟಿಗೆಯ ನೆಲ ಒದ್ದೆಯಾಗದಂತೆ ಬಿದಿರು ಅಥವಾ ಅಡಿಕೆ ದಬ್ಬೆಯ ಅಟ್ಟ ಕಟ್ಟಿ.

ಗಬ್ಬದ ಅವಧಿ ಸುಮಾರು 150 ದಿನ. ಜೂನ್ ಮೊದಲಲ್ಲಿ ಕೂಡಿಸಿದರೆ ಮರಿ ನವೆಂಬರಿಗೆ. ಅದು ಕಾಫಿ ಕೊಯ್ಲಿನ ಗಡಿಬಿಡಿ ಹತ್ತಿರ ಬರುವ ಕಾಲವೇನೋ ಹೌದು, ಆದರೂ ಆಷಾಢದ ಮಳೆಯಲ್ಲಿ ಎಳೆಮರಿ ಸಾಕುವುದಕ್ಕಿಂತ ಎಷ್ಟೋ ಸುಲಭ.