ಹಿಂದಿನ ಆಸನಕ್ಕೆ ತಂಪು ತಲುಪದಿದ್ದರೆ

ಮೇ ತಿಂಗಳಲ್ಲಿ ಕಲಬುರಗಿ, ರಾಯಚೂರುಗಳ ಕಡೆ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ದಾಟುವುದು ಹೊಸ ಮಾತೇನಲ್ಲ. ಅಂಥ ಮಧ್ಯಾಹ್ನ ಒಂದು ಸಂಸಾರ ವಿದ್ಯುತ್ ಕಾರಿನಲ್ಲಿ ಹೊರಟಿದೆಯೆನ್ನಿ. ಮುಂದೆ ಕುಳಿತವರು ಹಾಯಾಗಿದ್ದಾರೆ. ಹಿಂದೆ ಅಜ್ಜಿಯೂ ಕೈಗೂಸೂ ಬೆವರುತ್ತಿದ್ದಾರೆ. ಸೆಕೆಯನ್ನು ಎಲ್ಲರಿಗಿಂತ ಕಡಮೆ ತಾಳಬಲ್ಲವರು ಇವರಿಬ್ಬರೇ. ಕೂಸು ಬಾಯಿಬಿಟ್ಟು ಹೇಳಲಾರದು. ಅಜ್ಜಿ ಸಂಕೋಚದಿಂದ ಹೇಳುವುದಿಲ್ಲ.

ಅನಿಲ ತುಂಬಿಸಿದರೆ ಸರಿಹೋದೀತೆಂದು ಅಂಗಡಿಗೆ ಓಡುವ ಮೊದಲು ಹಿಂದಿನ ಕಿಂಡಿಗೆ ಅಂಗೈಯೊಡ್ಡಿ ನೋಡಬೇಕು. ಗಾಳಿಯೇ ಸಾಲದೋ, ಇಲ್ಲವೆ ಗಾಳಿಯಿದ್ದೂ ಅದರಲ್ಲಿ ತಂಪಿಲ್ಲವೋ? ಇವೆರಡೂ ಬೇರೆ ಬೇರೆ ಕಾಯಿಲೆಗಳು. ಒಂದರ ಮದ್ದು ಇನ್ನೊಂದಕ್ಕೆ ನಾಟದು.

ಸಂಸಾರದ ಕಾರುಗಳಲ್ಲಿ ಹೆಚ್ಚಿನವಕ್ಕೆ ಹಿಂದೆ ಬೇರೆ ಬೀಸಣಿಗೆ ಇರುವುದಿಲ್ಲ. ಮುಂಭಾಗದಲ್ಲಿ ಅಡಗಿರುವ ಒಂದೇ ಬೀಸಣಿಗೆ, ಎರಡು ಆಸನಗಳ ನಡುವಣ ಕೊಳವೆಯ ಮೂಲಕ ಗಾಳಿಯನ್ನು ಹಿಂದಕ್ಕೆ ನೂಕಬೇಕು. ತೋಟದ ಕಾಲುವೆಯಲ್ಲಿ ಕೊನೆಯ ಮಡಿಗೆ ಬರುವ ನೀರಿನ ಪಾಡೇ ಇದಕ್ಕೂ. ಗಾಳಿ ಶೋಧಿಸುವ ಜರಡಿಯಲ್ಲಿ ಧೂಳು ಕಟ್ಟಿದರೆ ಮೊದಲು ಬಾಧೆ ಹಿಂದಿನವರಿಗೆ. ಈ ಜರಡಿ ಸಾಮಾನ್ಯವಾಗಿ ಮುಂದಿನ ಸಣ್ಣ ಪೆಟ್ಟಿಗೆಯ ಹಿಂದಿರುತ್ತದೆ, ಕಪ್ಪಾಗಿದ್ದರೆ ಬದಲಾಯಿಸಿ. ಗಾಳಿಯನ್ನು ಪಾದದ ಕಡೆಗೋ ಗಾಜಿನ ಕಡೆಗೋ ತಿರುಗಿಸಿದ್ದರೂ ಹಲವು ಕಾರುಗಳಲ್ಲಿ ಹಿಂದಿನ ಕಿಂಡಿ ಬಡವಾಗುತ್ತದೆ. ಮುಖದ ಕಡೆಗೆ ತಿರುಗಿಸಿ, ಮುಂದಿನ ನಡುಕಿಂಡಿಗಳನ್ನು ಅರ್ಧ ಮುಚ್ಚಿ ನೋಡಿ. ಆಗಲೂ ಗಾಳಿ ಬಾರದಿದ್ದರೆ ಒಳಗೆ ಕೊಳವೆಯ ಬೆಸುಗೆ ಕಳಚಿರಬಹುದು.

‘ಆಟೋ’ ಗುಂಡಿಯದೂ ಒಂದು ಪಾಲಿದೆ. ಶಾಖವನ್ನಳೆಯುವ ಸಾಧನ ಬಹುಮಟ್ಟಿಗೆ ಚಾಲಕನ ಬಳಿಯೇ ಇರುವುದರಿಂದ, ಆತನಿಗೆ ತಂಪಾದೊಡನೆ ಬೀಸಣಿಗೆ ತಾನಾಗಿ ನಿಧಾನವಾಗುತ್ತದೆ. ಹಿಂದಿನವರ ಪಾಡು ಅದಕ್ಕೆ ತಿಳಿಯದು. ಹಿಂದೆ ಜನರಿದ್ದಾಗ ಬೀಸಣಿಗೆಯನ್ನು ಕೈಯಿಂದಲೇ ಹೆಚ್ಚಿಸಿಡುವುದು ಲೇಸು.

ಇನ್ನು ಗಾಳಿಯಿದ್ದೂ ತಂಪಿಲ್ಲದ ಸಂಗತಿ. ಪೆಟ್ರೋಲ್ ಕಾರಿನಲ್ಲಿ ಕಂಪ್ರೆಸರನ್ನು ಎಂಜಿನ್ ತಿರುಗಿಸುತ್ತದೆ. ಇಲ್ಲಿ ಅದಕ್ಕೆ ಬ್ಯಾಟರಿಯ ವಿದ್ಯುತ್ತೇ ಆಧಾರ. ಅಷ್ಟೇ ಅಲ್ಲ, ಅನೇಕ ಕಾರುಗಳಲ್ಲಿ ಅದೇ ಶೀತಕ ಬ್ಯಾಟರಿಯನ್ನೂ ತಣಿಸಬೇಕು. ಬಿರುಬಿಸಿಲಿನಲ್ಲಿ ವೇಗದ ಚಾರ್ಜ್ ನಡೆಯುವಾಗಲೋ ಘಟ್ಟ ಏರುವಾಗಲೋ ಬ್ಯಾಟರಿ ಕಾದರೆ, ಯಂತ್ರ ಮೊದಲ ಪಾಲನ್ನು ಅದಕ್ಕೇ ಬಡಿಸುತ್ತದೆ. ಆ ಹೊತ್ತಿನಲ್ಲಿ ಮಾತ್ರ ತಂಪು ಕುಗ್ಗಿದರೆ ಅದು ರೋಗವಲ್ಲ. ‘ಇಕೋ’ ಕ್ರಮವೂ ತಂಪನ್ನು ಕತ್ತರಿಸುವುದುಂಟು. ಮೇಲ್ಛಾವಣಿ ಗಾಜಿನದಾದರೆ ಪರದೆ ಎಳೆಯಿರಿ. ಒಳಗಿನ ಗಾಳಿಯನ್ನೇ ಸುತ್ತಿಸಿ. ಹೊರಡುವ ಮುನ್ನ, ಚಾರ್ಜಿನ ತಂತಿ ಕಳಚುವ ಮೊದಲೇ ಕಾರನ್ನು ತಣಿಸಿಕೊಂಡರೆ ದಾರಿಯ ವಿದ್ಯುತ್ತು ಉಳಿಯುತ್ತದೆ.

ಒಂದು ಉಷ್ಣಮಾಪಕವನ್ನು ಮುಂದಿನ ಕಿಂಡಿಗೂ ಹಿಂದಿನ ಕಿಂಡಿಗೂ ಹಿಡಿಯಿರಿ. ಹಿಂದೆ ತುಸು ಬೆಚ್ಚಗಿದ್ದರೆ ಸಹಜ. ಉದ್ದದ ಕೊಳವೆ ದಾರಿಯಲ್ಲಿ ಶಾಖ ಹೀರುತ್ತದೆ. ಎರಡೂ ಕಡೆ ತಂಪಿಲ್ಲದಿದ್ದರೆ ಶೀತಕ ಸೋರಿರುವ ಶಂಕೆಗೆ ಎಡೆಯುಂಟು.

ಆಮೇಲಿನದು ಬಲ್ಲವರ ಕೆಲಸ. ಕಿತ್ತಳೆ ಬಣ್ಣದ ತಂತಿಗಳಲ್ಲಿ ನೂರಾರು ವೋಲ್ಟ್ ಹರಿಯುತ್ತದೆ, ಮುಟ್ಟಬಾರದು. ವಿದ್ಯುತ್ ಕಂಪ್ರೆಸರಿಗೆ ಅದರದೇ ಬಗೆಯ, ವಿದ್ಯುತ್ ಹರಿಯಗೊಡದ ಎಣ್ಣೆ ಬೇಕು. ಪೆಟ್ರೋಲ್ ಕಾರಿನ ಎಣ್ಣೆ ಬೆರೆತರೆ ಕಂಪ್ರೆಸರೇ ಕೆಟ್ಟೀತು. ಯಾವ ಎಣ್ಣೆ ಹಾಕುತ್ತೀರೆಂದು ಮೆಕ್ಯಾನಿಕರನ್ನು ಕೇಳಲು ಸಂಕೋಚಪಡಬೇಡಿ. ಶೀತಕವನ್ನೂ ಅಂದಾಜಿನಿಂದಲ್ಲ, ಬಾನೆಟ್ಟಿನ ಕೆಳಗಿನ ಚೀಟಿಯಲ್ಲಿ ಅಚ್ಚಾಗಿರುವ ತೂಕಕ್ಕೆ ಸರಿಯಾಗಿ ತುಂಬಿಸಬೇಕು.